ಐದು ಚೀಲ ಸಾಕು: ಮೊದಲ ಸಲ ಅಣಬೆ ಬೆಳೆಯುವವರು ಎಲ್ಲಿ ಆತುರಪಡಬಾರದು?

ಈ ವಾರ ಅಣಬೆ ಬಗ್ಗೆ ಬರೀತಿದ್ದೀನಿ. ಆದರೆ ಇದು ತಿಂಗಳಿಗೆ ಲಕ್ಷ ಗಳಿಸಿದ ಕಥೆಯಲ್ಲ. 20 ಚೀಲ ಕಟ್ಟಿ, ಇಪ್ಪತ್ತನ್ನೂ ತಿಪ್ಪೆಗೆ ಸುರಿದ ಕಥೆ. ಸುರಿದವನು ನಾನೇ. ಮನೆಯಲ್ಲಿ ಮೊದಲ ಸಲ ಅಣಬೆ ಹಾಕಬೇಕು ಅಂದ್ಕೊಂಡು, 'ನಾನು ಆತುರಪಡ್ತಿದ್ದೀನಾ?' ಅಂತ ಒಳಗೊಳಗೇ ಅಳುಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರುತ್ತೆ.

ನನ್ನ ಮೊದಲ 20 ಚೀಲ

ನಮ್ಮೂರು ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಎರಡು ಎಕರೆ ಗದ್ದೆ, ಅಪ್ಪ ನೋಡಿಕೊಳ್ಳುತ್ತಾರೆ. ತಂಗಿಯ ಓದಿಗೆಂದು ಅಮ್ಮ, ತಂಗಿ ಮತ್ತು ನಾನು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ತಾರಸಿ ಮೇಲೆ ಶೀಟು ಹೊದಿಸಿದ ಒಂದು ಸಣ್ಣ ಕೋಣೆ ಖಾಲಿ ಇತ್ತು. ಊರಲ್ಲಿ ಹುಲ್ಲಿನ ಮೆದೆ ಇದೆ, ಇಲ್ಲಿ ಕೋಣೆ ಇದೆ, ಫೋನಿನಲ್ಲಿ ವಿಡಿಯೋ ಇದೆ. ಇನ್ನೇನು ಬೇಕು ಅನ್ನಿಸಿತ್ತು.

ಅಮ್ಮನ ಹೆಸರಿನಲ್ಲಿ ಒಂದು ಚೀಟಿ ನಡೆಯುತ್ತಿತ್ತು. ಎರಡು ತಿಂಗಳಲ್ಲಿ 40,000 ರೂಪಾಯಿ ಬರುವುದಿತ್ತು. ಅದನ್ನು ಹಾಕಿ ಊರಲ್ಲಿ 200 ಚೀಲದ ಶೆಡ್ ಕಟ್ಟುವುದು ನನ್ನ ಯೋಜನೆ. ಅಮ್ಮ ಬೇಡ ಅನ್ನಲಿಲ್ಲ. "ಮೊದಲು ಒಂದು ಹೊತ್ತಿನ ಸಾರಿಗಾಗುವಷ್ಟು ಬೆಳೆದು ತೋರಿಸು, ಆಮೇಲೆ ಚೀಟಿ ದುಡ್ಡು ಕೇಳು" ಅಂದರು. ಚೀಟಿ ಬರುವುದರೊಳಗೆ ಬೆಳೆದು ತೋರಿಸಬೇಕು ಅನ್ನುವ ಹಟ ಅಲ್ಲೇ ಶುರುವಾಯಿತು.

ಆಗ ಏಪ್ರಿಲ್. ಆಯ್ಸ್ಟರ್ ಅಣಬೆಯ ಬೀಜ 2 ಕೆಜಿ ತರಿಸಿದೆ. ಸಂಜೆ ಬಸ್ಸಿನಲ್ಲಿ ಬಂತು. ಹುಲ್ಲು ಇನ್ನೂ ನೆನೆಸಿರಲಿಲ್ಲ. 'ಬೀಜ ಬಂದ ದಿನವೇ ಹಾಕದಿದ್ದರೆ ಸತ್ತೋಗುತ್ತೆ' ಅಂತ ಎಲ್ಲೋ ಕೇಳಿದ್ದು ತಲೆಯಲ್ಲಿ ಕೂತಿತ್ತು. ರಾತ್ರಿಯೇ ಹುಲ್ಲು ಕತ್ತರಿಸಿ, ಎರಡು ಗಂಟೆ ನೆನೆಸಿ, ಹಂಡೆಯಲ್ಲಿ ಕಂತು ಕಂತಾಗಿ ಹತ್ತತ್ತು ನಿಮಿಷ ಬಿಸಿ ಮಾಡಿ, ಅರ್ಧ ಗಂಟೆ ನೀರು ಬಸಿದು, ಇನ್ನೂ ಹಬೆಯಾಡುತ್ತಿದ್ದ ಹುಲ್ಲಿಗೇ ಬೀಜ ಹಾಕಿ ಚೀಲ ಕಟ್ಟಿದೆ. ಮುಗಿದಾಗ ರಾತ್ರಿ ಎರಡು ಗಂಟೆ.

ಎಂಟನೇ ದಿನ ತಡೆಯಲಾರದೆ ನಾಲ್ಕು ಚೀಲ ಬಿಚ್ಚಿ ನೋಡಿದೆ. ಹತ್ತನೇ ದಿನಕ್ಕೆ ಹಸಿರು ಬೂಷ್ಟು. ಎರಡು ವಾರಕ್ಕೆ ವಾಸನೆ ಮೆಟ್ಟಿಲಿಳಿದು ಬಂತು. ಮನೆ ಓನರ್ ಕೆಳಗಿನಿಂದಲೇ, "ಏನಪ್ಪಾ, ಮೇಲೆ ಏನು ಕೊಳೆಸ್ತಿದ್ದೀಯ?" ಅಂತ ಕೇಳಿದರು. ಮೂರು ಸಲ ಸ್ಕೂಟರಿನಲ್ಲಿ ಹೊತ್ತು ಊರಿನ ತಿಪ್ಪೆಗೆ ಹಾಕಿ ಬಂದೆ. ಕೈಬಿಟ್ಟ ದುಡ್ಡು ಸುಮಾರು 1,200 ರೂಪಾಯಿ.

ಬೀಜವೇ ಸರಿಯಿಲ್ಲ ಅಂತ ಬೀಜ ಕೊಟ್ಟವರನ್ನು ಬೈಯಲು ತಯಾರಾಗಿದ್ದೆ. ಅದಕ್ಕೂ ಮೊದಲು ನಂಜನಗೂಡು ಕಡೆಯ, ಕೆಲವು ವರ್ಷಗಳಿಂದ ಅಣಬೆ ಬೆಳೆಯುತ್ತಿರುವ ಅಕ್ಕ ಒಬ್ಬರಿಗೆ ಫೋಟೋ ಕಳಿಸಿದೆ. ಅವರು ಬೀಜದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹುಲ್ಲು ಎಷ್ಟು ಹೊತ್ತು ಬಸಿದೆ?"

"ಅರ್ಧ ಗಂಟೆ ಅಕ್ಕ."

"ಮುಷ್ಟೀಲಿ ಹಿಂಡಿ ನೋಡಿದ್ಯಾ?"

"ಇಲ್ಲ."

"ಬೀಜ ಹಾಕುವಾಗ ಹುಲ್ಲು ತಣ್ಣಗಿತ್ತಾ?"

ನಾನು ಸುಮ್ಮನಾದೆ.

"ಶುರು ಮಾಡೋಕೆ ಆತುರಪಟ್ಟರೆ ತಪ್ಪಿಲ್ಲ ಕಣಪ್ಪ. ಶುರು ಮಾಡಿದ ಮೇಲೆ ಆತುರಪಟ್ಟೆ ನೋಡು, ಅದು ತಪ್ಪು" ಅಂದರು.

ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದೂ ಅಷ್ಟೇ. ಎಲ್ಲವನ್ನೂ ಕಲಿತ ಮೇಲೆಯೇ ಶುರು ಮಾಡ್ತೀನಿ ಅಂತ ಕೂತರೆ ವರ್ಷ ಕಳೆಯುತ್ತೆ. ಐದು ಚೀಲ ಈ ತಿಂಗಳೇ ಕಟ್ಟಿ. ಆದರೆ ಮುಂದೆ ಹೇಳುವ ಐದು ಕಡೆ ಮಾತ್ರ ಗಡಿಯಾರಕ್ಕೆ, ಹುಲ್ಲಿಗೆ, ಹವಾಮಾನಕ್ಕೆ ತಕ್ಕಂತೆ ನಡೆಯಿರಿ. ನಿಮ್ಮ ಮನಸ್ಸಿನ ವೇಗಕ್ಕೆ ನಡೆಯಬೇಡಿ.

1. ಕಾಲ ನೋಡದೆ ಹೊರಡಬೇಡಿ

ಆಯ್ಸ್ಟರ್ ಅಣಬೆಗೆ, ಅಂದರೆ ಚಿಪ್ಪು ಅಣಬೆಗೆ, 20ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಗಾಳಿಯಲ್ಲಿ ಶೇ. 80ರಿಂದ 85ರಷ್ಟು ತೇವ ಬೇಕು. ಮೈಸೂರಿನಲ್ಲಿ ಮಾರ್ಚ್‌ನಿಂದ ಮೇ ವರೆಗೆ ಮಧ್ಯಾಹ್ನದ ಬಿಸಿಲು 33, 34 ಡಿಗ್ರಿ ದಾಟುವುದು ಸಾಮಾನ್ಯ. ಶೀಟಿನ ಕೋಣೆಯೊಳಗೆ ಇನ್ನೂ ಜಾಸ್ತಿ. ಜೊತೆಗೆ, ಚೀಲದೊಳಗೆ ಅಣಬೆಯ ಎಳೆ ಹರಡುವಾಗ ತಾನೇ ಶಾಖ ಬಿಡುತ್ತದೆ. ಹಾಗಾಗಿ ಚೀಲದ ಹೊಟ್ಟೆಯೊಳಗೆ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ. ಏಪ್ರಿಲ್‌ನಲ್ಲಿ ತಾರಸಿ ಮೇಲೆ ಹಾಕಿದ ನಾನು ಅರ್ಧ ಸೋತೇ ಶುರು ಮಾಡಿದ್ದೆ.

ಮೈಸೂರು ಸುತ್ತಮುತ್ತ ಮೊದಲ ಪ್ರಯೋಗಕ್ಕೆ ಜೂನ್‌ನಿಂದ ಜನವರಿ ವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಗಾಳಿಯ ತೇವ ತಾನಾಗಿ ಸಿಗುತ್ತದೆ. ಬೇಸಿಗೆಯಲ್ಲೇ ಬೆಳೆಯಬೇಕು ಅಂದರೆ ಹಾಲು ಅಣಬೆ ಇದೆ, ಎಲ್ಲರೂ ಮಿಲ್ಕಿ ಅಂತಾರೆ. ಅದಕ್ಕೆ 30ರಿಂದ 35 ಡಿಗ್ರಿ ಒಗ್ಗುತ್ತದೆ. ಆದರೆ ಚೀಲದ ಮೇಲೆ ಶುದ್ಧ ಮಾಡಿದ ಮಣ್ಣಿನ ಪದರ ಹಾಕುವ ಕೆಲಸ ಹೆಚ್ಚು, ದಿನವೂ ಹೆಚ್ಚು. ಮೊದಲು ಆಯ್ಸ್ಟರ್ ಕೈಗೆ ಹತ್ತಲಿ. ಅಂಗಡಿಯಲ್ಲಿ ಕಾಣುವ ಬಟನ್ ಅಣಬೆ ಸದ್ಯಕ್ಕೆ ಬೇಡ. ಅದು ಮೊಗ್ಗೊಡೆಯಲು 14ರಿಂದ 18 ಡಿಗ್ರಿಯ ತಂಪು ಬೇಕು, ವಿಶೇಷವಾಗಿ ಮಾಡಿದ ಕಾಂಪೋಸ್ಟ್ ಬೇಕು.

2. ಬೀಜ ಬಂತು ಅಂತ ಹುಲ್ಲನ್ನು ಓಡಿಸಬೇಡಿ

ನನ್ನ ಆತುರದ ಬೇರು ಇಲ್ಲೇ ಇತ್ತು. ನಿಜ ಏನೆಂದರೆ, ಆಯ್ಸ್ಟರ್ ಬೀಜವನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಎರಡು ಮೂರು ವಾರ ಧಾರಾಳವಾಗಿ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಬಾರದು. ಈಗ ನಮ್ಮ ಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆ ಪಕ್ಕದಲ್ಲೇ ಬೀಜದ ಪೊಟ್ಟಣ ಇರುತ್ತದೆ. ತಂಗಿ ಅದರ ಮೇಲೆ 'ತಿನ್ನಬೇಡಿ' ಅಂತ ಚೀಟಿ ಅಂಟಿಸಿದ್ದಾಳೆ.

ಬೀಜ ತೆಗೆದುಕೊಳ್ಳುವಾಗ ನೋಡಬೇಕಾದ್ದು ಮೂರು. ಕಾಳಿನ ಮೇಲೆಲ್ಲ ಬಿಳಿ ಎಳೆ ಒಂದೇ ಸಮ ಹರಡಿರಬೇಕು. ಹಸಿರು, ಕಪ್ಪು ಚುಕ್ಕೆ ಇರಬಾರದು. ಹುಳಿ ವಾಸನೆ ಬರಬಾರದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯವಿದೆ, ಅಲ್ಲಿ ಬೀಜ ಸಿಗುತ್ತದೆ. ಮುಂಚಿತವಾಗಿ ಫೋನ್ ಮಾಡಿ ಕಾಯ್ದಿರಿಸಿ, ಸುಮ್ಮನೆ ಹೋಗಿ ವಾಪಸ್ ಬರಬೇಡಿ. ತರಬೇತಿ ಎಲ್ಲಿ, ಯಾವಾಗ ನಡೆಯುತ್ತದೆ ಅನ್ನುವುದನ್ನು ನಮ್ಮ ಜಿಲ್ಲೆಯವರು ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

3. ಹುಲ್ಲಿನ ಕೆಲಸಕ್ಕೆ ಪೂರ್ತಿ ಒಂದು ದಿನ ಕೊಡಿ

ಹುಲ್ಲು ಈ ಹಂಗಾಮಿನದೇ ಆಗಿರಲಿ. ಬಂಗಾರದ ಬಣ್ಣ ಇರಬೇಕು, ಮಳೆಯಲ್ಲಿ ನೆನೆದು ಕಪ್ಪಾಗಿರಬಾರದು. ನಾನು ಮೊದಲ ಸಲ ಮೆದೆಯ ತಳದ ಹುಲ್ಲು ತಂದಿದ್ದೆ. ಅದರಲ್ಲಿ ಬೂಷ್ಟು ಆಗಲೇ ಮನೆ ಮಾಡಿತ್ತು.

ಹುಲ್ಲನ್ನು ಬಿಸಿ ನೀರಿಗೆ ಹಾಕುವುದು ಯಾಕೆ ಅಂತ ಗೊತ್ತಾದರೆ ಅವಸರ ತಾನಾಗಿ ಕಡಿಮೆಯಾಗುತ್ತದೆ. ಹಸಿ ಹುಲ್ಲು ಅಣಬೆಗೆ ಮಾತ್ರ ಊಟವಲ್ಲ, ಹಸಿರು ಬೂಷ್ಟಿಗೂ ಊಟ. ಬೂಷ್ಟು ಬೇಗ ಓಡುತ್ತದೆ, ಅಣಬೆ ನಿಧಾನ. ಬಿಸಿ ನೀರು ಬೂಷ್ಟನ್ನು ಹಿಂದಕ್ಕೆ ತಳ್ಳಿ, ಅಣಬೆಗೆ ಕೆಲವು ದಿನದ ಮುನ್ನಡೆ ಕೊಡುತ್ತದೆ. ಆ ಮುನ್ನಡೆಯೇ ನಿಮ್ಮ ಬೆಳೆ.

ನಾನೀಗ ಮಾಡುವ ಕ್ರಮ ಹೀಗಿದೆ:

- ಹುಲ್ಲನ್ನು ಒಂದೂವರೆಯಿಂದ ಎರಡು ಇಂಚಿಗೆ ಕತ್ತರಿಸಿ, ಗೋಣಿಚೀಲದಲ್ಲಿ ತುಂಬಿ, ರಾತ್ರಿಯಿಡೀ ಶುದ್ಧ ನೀರಿನಲ್ಲಿ ಮುಳುಗಿಸಿಡುವುದು.
- ಬೆಳಗ್ಗೆ ಆ ನೀರು ಚೆಲ್ಲಿ, ಸುಮಾರು 80 ಡಿಗ್ರಿ ಬಿಸಿಯಿರುವ ನೀರಿನಲ್ಲಿ ಒಂದು ಗಂಟೆ ಇಡುವುದು. ಹುಲ್ಲು ಮೇಲೆ ತೇಲದಂತೆ ಕಲ್ಲು ಹೇರುವುದು. ಕೈ ಅಂದಾಜು ಬೇಡ, ಥರ್ಮಾಮೀಟರ್ ಇರಲಿ.
- ಗೋಣಿಯನ್ನು ನೇತುಹಾಕಿ ನೀರು ಬಸಿಯುವುದು. ಆಮೇಲೆ ಡೆಟಾಲ್ ನೀರಿನಲ್ಲಿ ಒರೆಸಿದ ಪ್ಲಾಸ್ಟಿಕ್ ಹಾಳೆ ಮೇಲೆ, ನೆರಳಿನಲ್ಲಿ ಹರವಿ ಆರಿಸುವುದು. ಇದಕ್ಕೆ ಮೂರು ನಾಲ್ಕು ಗಂಟೆ ಬೇಕಾಗಬಹುದು.
- ಒಂದು ಮುಷ್ಟಿ ಹುಲ್ಲನ್ನು ಗಟ್ಟಿಯಾಗಿ ಹಿಂಡುವುದು. ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ತೊಟ್ಟಿಕ್ಕಿದರೆ ಇನ್ನೂ ಆರಬೇಕು.

ಕೆಲವರು ಬಿಸಿ ನೀರಿನ ಬದಲು ಫಾರ್ಮಲಿನ್ ಮತ್ತು ಕಾರ್ಬೆಂಡೈಜಿಮ್ ಬೆರೆಸಿದ ನೀರು ಬಳಸುತ್ತಾರೆ. ಫಾರ್ಮಲಿನ್ ಕಣ್ಣು, ಮೂಗು ಉರಿಸುತ್ತದೆ. ಪೇಟೆಯ ಬಾಡಿಗೆ ಮನೆಯಲ್ಲಿ ಅದರ ಸಹವಾಸ ಬೇಡ ಅಂತ ನಾನು ಬಿಸಿ ನೀರಿಗೇ ಅಂಟಿಕೊಂಡಿದ್ದೇನೆ.

4. ಹುಲ್ಲು ತಣ್ಣಗಾಗುವವರೆಗೆ ಬೀಜ ಮುಟ್ಟಬೇಡಿ

ಬೀಜ ಅಂತ ಕರೆದರೂ ಅದು ರಾಗಿ, ಭತ್ತದ ಬೀಜದ ಹಾಗಲ್ಲ. ಕಾಳಿನ ಮೇಲೆ ಹಬ್ಬಿದ ಜೀವಂತ ಶಿಲೀಂಧ್ರ ಅದು. ಹಬೆಯಾಡುವ ಹುಲ್ಲಿಗೆ ಹಾಕಿದರೆ ಅಲ್ಲೇ ಸಾಯುತ್ತದೆ. ನನ್ನ 20 ಚೀಲದಲ್ಲಿ ಆಗಿದ್ದು ಅದೇ. ಹುಲ್ಲಿನ ರಾಶಿಯ ಒಳಗೆ ಕೈ ತೂರಿಸಿದರೆ ಬೆಚ್ಚಗೂ ಅನ್ನಿಸಬಾರದು. ಆಗ ಕೈ ತೊಳೆದು, ಫ್ಯಾನ್ ಆರಿಸಿ, ಕೆಲಸ ಶುರು ಮಾಡಿ.

1 ಕೆಜಿ ಒಣಹುಲ್ಲು ನೆನೆದು ಆರಿದ ಮೇಲೆ ಸುಮಾರು 3 ಕೆಜಿ ತೂಗುತ್ತದೆ. ಅದು ಒಂದು ಚೀಲ. ಅದಕ್ಕೆ 60ರಿಂದ 90 ಗ್ರಾಂ ಬೀಜ ಸಾಕು, ಹೊಸಬರು 100 ಗ್ರಾಂ ಹಾಕಿದರೂ ನಷ್ಟವಿಲ್ಲ. ನಾಲ್ಕು ಇಂಚು ಹುಲ್ಲು ಒತ್ತಿ, ಚೀಲದ ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ. ಹೀಗೆ ಪದರ ಪದರವಾಗಿ ತುಂಬಿ ಬಾಯಿ ಕಟ್ಟಿ. ಶುದ್ಧ ಮಾಡಿದ ಮೊಳೆಯಿಂದ ಸುತ್ತಲೂ 10, 15 ತೂತು ಮಾಡಿ. ಪ್ರತಿ ಚೀಲದ ಮೇಲೆ ತಾರೀಕು ಬರೆಯಿರಿ. ಫೋನಿನಲ್ಲಿ ಒಂದು ಫೋಟೋ ಹೊಡೆದಿಡಿ.

5. ಕತ್ತಲಿನ ದಿನಗಳಲ್ಲಿ ಕೈ ಕಟ್ಟಿಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟ. 15ರಿಂದ 20 ದಿನ ಚೀಲ ಕತ್ತಲೆ ಕೋಣೆಯಲ್ಲಿ ಸುಮ್ಮನೆ ಇರಬೇಕು. ನೀರು ಬೇಡ, ಬಿಚ್ಚುವುದು ಬೇಡ, ಬೆರಳಿನಿಂದ ಒತ್ತುವುದೂ ಬೇಡ. ದಿನಕ್ಕೊಮ್ಮೆ ಟಾರ್ಚ್ ಹಾಕಿ ಹೊರಗಿನಿಂದ ನೋಡಿ, ಬೇಕಿದ್ದರೆ ಫೋಟೋ ತೆಗೆಯಿರಿ. ದಿನದಿಂದ ದಿನಕ್ಕೆ ಹೋಲಿಸಲು ಫೋಟೋ ಒಳ್ಳೆಯ ಸಾಧನ.

- 3ರಿಂದ 5ನೇ ದಿನ: ಕಾಳಿನ ಸುತ್ತ ಬಿಳಿ ನೂಲಿನಂಥ ಎಳೆ ಏಳಬೇಕು. ಕಾಣದಿದ್ದರೂ ಗಾಬರಿ ಬೇಡ, ಇನ್ನೆರಡು ದಿನ ಕಾಯಿರಿ.
- 8ರಿಂದ 10ನೇ ದಿನ: ಅರ್ಧ ಚೀಲ ಬಿಳಿ, ಅರ್ಧ ಹುಲ್ಲಿನ ಬಣ್ಣ. ನಾನು ಬಿಚ್ಚಿದ್ದು ಈ ಹೊತ್ತಿನಲ್ಲೇ. ನೀವು ಬಿಚ್ಚಬೇಡಿ.
- 15ರಿಂದ 20ನೇ ದಿನ: ಚೀಲ ಪೂರ್ತಿ ಬೆಳ್ಳಗಾಗಿ, ಹುಲ್ಲು ಗಟ್ಟಿ ಮುದ್ದೆಯ ಹಾಗೆ ಕಚ್ಚಿಕೊಳ್ಳುತ್ತದೆ. ಆಗ ಪ್ಲಾಸ್ಟಿಕ್ ಕತ್ತರಿಸಿ.

ತಾರೀಕಿಗಿಂತ ಬಣ್ಣ ಮುಖ್ಯ. 20 ದಿನ ಆದರೂ ಬೆಳ್ಳಗಾಗದಿದ್ದರೆ 25ನೇ ದಿನದವರೆಗೂ ಬಿಡಿ. ಬಿಳಿ ಬಣ್ಣ ಕಂಡು 'ಬೂಷ್ಟು ಬಂತು' ಅಂತ ಬಿಸಾಕುವವರೂ ಇದ್ದಾರೆ. ಅಣಬೆಯ ಎಳೆ ಬಿಳಿಯೇ ಇರುತ್ತದೆ. ಹಸಿರು, ಕಪ್ಪು ಕಂಡರೆ, ಕೊಳೆತ ಹುಳಿ ವಾಸನೆ ಬಂದರೆ ಮಾತ್ರ ಆ ಚೀಲವನ್ನು ಬಿಚ್ಚದೆ ಹೊರಗೆ ಸಾಗಿಸಿ. ಕೋಣೆಯೊಳಗೆ ಬಿಚ್ಚಿದರೆ ಬೂಷ್ಟಿನ ಪುಡಿ ಪಕ್ಕದ ಚೀಲಕ್ಕೂ ಹಾರುತ್ತದೆ.

ಬಿಚ್ಚಿದ ಮೇಲೆ

ಈಗ ಮೂರು ಬೇಕು: ತೇವ, ಗಾಳಿ, ಸ್ವಲ್ಪ ಬೆಳಕು. ಕೋಣೆಯಲ್ಲಿ ಒದ್ದೆ ಗೋಣಿ ತೂಗುಹಾಕಿ, ನೆಲಕ್ಕೆ, ಗೋಡೆಗೆ ನೀರು ಚಿಮುಕಿಸಿ. ಚೀಲಕ್ಕೆ ದಿನಕ್ಕೆ ಎರಡು ಮೂರು ಸಲ ಮಂಜಿನಂತೆ ಸ್ಪ್ರೇ ಮಾಡಿದರೆ ಸಾಕು, ಸುರಿಯಬಾರದು. ಕಿಟಕಿಗೆ ಸೊಳ್ಳೆ ಪರದೆ ಹಾಕಿ ತೆರೆದಿಡಿ. ಪೇಪರ್ ಓದುವಷ್ಟು ಬೆಳಕು ಸಾಕು, ನೇರ ಬಿಸಿಲು ಬೇಡ. ಅಣಬೆಯ ಕಾಲು ಉದ್ದ, ಕೊಡೆ ಚಿಕ್ಕದು ಬಂದರೆ ಗಾಳಿ ಸಾಲದು ಅಂತ ಅರ್ಥ. ಕೊಡೆಯ ಅಂಚು ಒಣಗಿ ಸೀಳಿದರೆ ತೇವ ಸಾಲದು.

ಬಿಚ್ಚಿದ ಒಂದು ವಾರದೊಳಗೆ ಸಾಮಾನ್ಯವಾಗಿ ಸೂಜಿತಲೆಯಂಥ ಮೊಗ್ಗು ಏಳುತ್ತದೆ. ಅಲ್ಲಿಂದ ಮೂರು ನಾಲ್ಕು ದಿನಕ್ಕೆ ಕೊಯ್ಲು. ಕೊಡೆಯ ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ, ಬುಡ ಹಿಡಿದು ತಿರುಚಿ ಕೀಳಿ. ತಡವಾದರೆ ಬಿಳಿ ಪುಡಿಯಂಥ ಬೀಜಾಣು ಉದುರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಕೆಮ್ಮು, ಅಲರ್ಜಿ ಬರಬಹುದು. ಮಾಸ್ಕ್ ಹಾಕಿಕೊಂಡೇ ಒಳಗೆ ಹೋಗಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಮಲಗುವ ಕೋಣೆ ಪಕ್ಕದಲ್ಲಿ ಬೆಳೆಯಲೇಬೇಡಿ. ಇನ್ನೊಂದು ಮಾತು: ಚೀಲದಲ್ಲಿ ಕಪ್ಪಗೆ ಮಸಿಯಾಗಿ ಕರಗುವ ತೆಳು ಅಣಬೆ ಎದ್ದರೆ ಅದು ಕಳೆ, ತಿನ್ನಬಾರದು. ಬಿತ್ತಿದ ಜಾತಿಯನ್ನು ಬಿಟ್ಟು ಬೇರೆ ಯಾವುದನ್ನೂ ರುಚಿ ನೋಡಬೇಡಿ.

ಒಂದು ಕೊಯ್ಲಾದ 7ರಿಂದ 10 ದಿನಕ್ಕೆ ಮತ್ತೊಂದು ಬರುತ್ತದೆ. ಮೂರು ಕೊಯ್ಲಿನ ಮೇಲೆ ಚೀಲ ಗೊಬ್ಬರದ ಗುಂಡಿಗೆ. ಎರೆಹುಳು ಗೊಬ್ಬರಕ್ಕೆ ಆ ಹುಲ್ಲು ಚೆನ್ನಾಗಿರುತ್ತದೆ.

ದುಡ್ಡಿನ ಲೆಕ್ಕ ಕೊನೆಗೆ

ಎರಡನೇ ಸಲ ನಾನು ಹಾಕಿದ್ದು ಜುಲೈನಲ್ಲಿ, ಐದೇ ಚೀಲ. ಒಂದು ಹಸಿರಾಯಿತು, ನಾಲ್ಕು ನಿಂತವು. ಮೂರು ಕೊಯ್ಲಿನಿಂದ ಒಟ್ಟು 2 ಕೆಜಿ 600 ಗ್ರಾಂ ಬಂತು. 1 ಕೆಜಿ ಒಣಹುಲ್ಲಿಗೆ 500ರಿಂದ 700 ಗ್ರಾಂ ಬಂದರೆ ಹೊಸಬರಿಗೆ ಒಳ್ಳೆಯ ಇಳುವರಿಯೇ. ಮೊದಲ ಕೊಯ್ಲು ಅಮ್ಮನ ಸಾರಿಗೆ ಹೋಯಿತು, ಒಂದು ಪಾಲು ಮನೆ ಓನರ್‌ಗೆ. ವಾಸನೆಗೆ ಪರಿಹಾರ ಕೊಡಬೇಕಲ್ಲ! ಉಳಿದ ಎಂಟು ಪೊಟ್ಟಣ, ತಲಾ 200 ಗ್ರಾಂ, 50 ರೂಪಾಯಿಯಂತೆ ಅಕ್ಕಪಕ್ಕದವರಿಗೆ ಮಾರಿದೆ. ಬಂದದ್ದು 400 ರೂಪಾಯಿ.

ಖರ್ಚು: ಬೀಜ 60, ಚೀಲ 40, ಗ್ಯಾಸ್ ಅಂದಾಜು 100, ಥರ್ಮಾಮೀಟರ್ 250, ಸ್ಪ್ರೇ ಬಾಟಲಿ 60. ಒಟ್ಟು 510. ಹುಲ್ಲು ನಮ್ಮದೇ. ಅಂದರೆ 110 ರೂಪಾಯಿ ಕೈಬಿಟ್ಟಿತು. ನನ್ನ ಕೂಲಿ ಇದರಲ್ಲಿ ಸೇರಿಲ್ಲ. ವಿಡಿಯೋದಲ್ಲಿ ಈ ಲೆಕ್ಕ ಯಾರೂ ತೋರಿಸುವುದಿಲ್ಲ.

ಆದರೆ ಆ ಎಂಟು ಪೊಟ್ಟಣ ನನಗೆ ದೊಡ್ಡ ಪಾಠ ಕಲಿಸಿತು. ಕಿತ್ತ ಅಣಬೆ ಹೊರಗಿಟ್ಟರೆ ಒಂದೆರಡು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಎಂಟು ಪೊಟ್ಟಣ ಮಾರಲು ನಾನು ಹನ್ನೆರಡು ಮನೆ ಬಾಗಿಲು ತಟ್ಟಿದ್ದೆ. 200 ಚೀಲ ಹಾಕಿದ್ದರೆ? ಒಂದೇ ವಾರದಲ್ಲಿ ಹತ್ತಾರು ಕೆಜಿ ಬಂದಾಗ ಯಾರ ಬಾಗಿಲಿಗೆ ಹೋಗುತ್ತಿದ್ದೆ? ಉಳಿದದ್ದನ್ನು ಒಣಗಿಸಬಹುದು ನಿಜ. ಆದರೆ 10 ಕೆಜಿ ಹಸಿ ಅಣಬೆ ಒಣಗಿದರೆ ಸುಮಾರು 1 ಕೆಜಿ, ಅದಕ್ಕೂ ಗಿರಾಕಿ ಬೇಕು. 'ನೀವು ಬೆಳೆಯಿರಿ, ನಾವೇ ಕೊಳ್ತೀವಿ' ಅಂತ ಮುಂಗಡ ಕೇಳುವವರು ಸಿಗುತ್ತಾರೆ. ಅವರಿಗೆ ದುಡ್ಡು ಕೊಡುವ ಮೊದಲು, ಅವರಿಗೆ ಈಗಾಗಲೇ ಮಾರುತ್ತಿರುವ ಇಬ್ಬರು ರೈತರ ಮನೆಗೆ ಹೋಗಿ ಮಾತಾಡಿ ಬನ್ನಿ.

ಚೀಟಿ ದುಡ್ಡು ಬಂತು. ಅಮ್ಮ 6,000 ರೂಪಾಯಿ ಕೈಗಿಟ್ಟು, "ಇದಿಷ್ಟು ನಿನ್ನ ಅಣಬೆಗೆ, ಉಳಿದದ್ದು ಅವಳ ಫೀಸಿಗೆ" ಅಂದರು. ಏಪ್ರಿಲ್‌ನಲ್ಲಾಗಿದ್ದರೆ ಮುನಿಸಿಕೊಳ್ಳುತ್ತಿದ್ದೆ. ಈಗ ಗೊತ್ತು, ಆಗ 40,000 ಕೈಗೆ ಸಿಕ್ಕಿದ್ದರೆ ಇಪ್ಪತ್ತರ ಬದಲು 200 ಚೀಲ ತಿಪ್ಪೆ ಸೇರುತ್ತಿತ್ತು, ತಂಗಿಯ ಫೀಸೂ ಅದರೊಳಗೇ ಇರುತ್ತಿತ್ತು. ಸದ್ಯ 15 ಚೀಲ ಹಾಕಿದ್ದೀನಿ, ವಾರಕ್ಕೆ ಐದರಂತೆ ಮೂರು ಕಂತು. ಹಾಗೆ ಮಾಡಿದರೆ ಅಣಬೆ ಒಮ್ಮೆಲೇ ಬಂದು ಬೀಳುವುದಿಲ್ಲ.

ನೀವು ಶುರು ಮಾಡುವ ಮೊದಲು ಈ ಐದಕ್ಕೂ ಹೌದು ಅನ್ನಬೇಕು:

- ನನ್ನ ಕೋಣೆಯ ಮಧ್ಯಾಹ್ನದ ಉಷ್ಣಾಂಶ ಮೂರು ದಿನ ಅಳೆದು ಬರೆದಿದ್ದೀನಿ.
- ಹೊಸ ಹುಲ್ಲು ಮನೆಗೆ ಬಂದಿದೆ, ಬೀಜ ಫ್ರಿಜ್ಜಿನಲ್ಲಿದೆ.
- ಹುಲ್ಲಿನ ಕೆಲಸಕ್ಕೆ ಇಡೀ ಒಂದು ದಿನ ಬಿಡುವಿದೆ.
- ಪೂರ್ತಿ ಬೆಳ್ಳಗಾಗುವ ತನಕ ಚೀಲ ಬಿಚ್ಚುವುದಿಲ್ಲ.
- ಹೋದರೂ ಮನೆ ಅಲುಗದಷ್ಟು ದುಡ್ಡು ಮಾತ್ರ ಹಾಕಿದ್ದೀನಿ.

ಐದೂ ಹೌದಾದರೆ ಯಾರನ್ನೂ ಕೇಳಬೇಡಿ, ಇವತ್ತು ರಾತ್ರಿಯೇ ಹುಲ್ಲು ನೆನೆಸಿ. ಒಂದು ಇಲ್ಲ ಅಂದರೂ ಈ ವಾರ ಅದನ್ನು ಸರಿಮಾಡಿಕೊಳ್ಳಿ. ಚೀಲ ಮುಂದಿನ ವಾರ ಕಟ್ಟಿದರಾಯಿತು.